ಸುಟ್ಟ ಚರ್ಚಿನ ಹತ್ತಿರ ಎಡಕ್ಕೆ

ಒಹಾಯೊದ ನಮ್ಮ ಟಟಲ್ಸ್ ಕಾರ್ನರ್ ಹಳ್ಳಿಯ ಚರಿತ್ರೆ ಬರೆಯುವ ಆರ್ಡಿತ್ ಅಜ್ಜಿಯನ್ನು ದಾರಿ ಕೇಳಿದವರು ಕೆಟ್ಟರು. "ಸುಟ್ಟ ಚರ್ಚಿನ ಹತ್ರ ಎಡಕ್ಕೆ ತಿರುಗಿ, ಹಳೇ ಶಾಲೆ ದಾಟಿ" ಎನ್ನುತ್ತಾಳೆ. ಅವೆರಡೂ ಇದ್ದ ಜಾಗದಲ್ಲಿ ಈಗ ಬರೀ ಮೆಕ್ಕೆಜೋಳದ ಹೊಲ. ಒಮ್ಮೆ ಆಂಬುಲೆನ್ಸಿನವನು ಬಸುರಿಯೊಬ್ಬಳ ಮನೆ ಕೇಳಿದ. ಚರ್ಚಿಗೆ ಬೆಂಕಿ ಬಿದ್ದ ಕಥೆ ಇವಳು ಮುಗಿಸುವಷ್ಟರಲ್ಲಿ ಅಲ್ಲಿ ಕೂಸೇ ಹುಟ್ಟಿತ್ತು. "ಚರ್ಚು ಸುಟ್ಟ ಅರವತ್ತನೇ ವರ್ಷ ಜನನ" ಎಂದು ಅದನ್ನೂ ಚರಿತ್ರೆಗೆ ಸೇರಿಸಿದಳು. ಮೊನ್ನೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಯಾರೋ ಅವಳ ಮನೆಯ ದಾರಿಯನ್ನೇ ಅವಳಲ್ಲಿ ಕೇಳಿದರು. "ಕೆಂಪು ಕೊಟ್ಟಿಗೆ ಇತ್ತಲ್ಲ, ಅದರ ಪಕ್ಕ." ಕೊಟ್ಟಿಗೆ ರಸ್ತೆಯಾಚೆ ಎದ್ದು ಕಾಣುತ್ತಿತ್ತು. "ಅಲ್ಲೇ ಇದ್ಯಲ್ಲಜ್ಜಿ!" ಎಂದು ನಾನು ನಕ್ಕೆ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. "ಹೋದ ತಿಂಗಳು ಹಸುಗಳನ್ನೆಲ್ಲ ಮಾರಿಬಿಟ್ಟೆ. ಹಸು ಇಲ್ಲದ್ದನ್ನ ಕೊಟ್ಟಿಗೆ ಅಂತಾರೇನೋ?"