ತುಟಿ ನೋಡಿ ಓದಿದ ಸಾಲು

ಕಳೆದ ಭಾನುವಾರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಎರಡು ಹನಿ ಕೈಗೆ ಹತ್ತಿತು. ಒರೆಸಿಕೊಳ್ಳುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಮಗ್ಗಕ್ಕೆ ಬಿಡುತ್ತಿದ್ದ ಎಣ್ಣೆಯದೂ ಇದೇ ವಾಸನೆ. ರವಿಕೆಯ ತೋಳನ್ನು ಅರ್ಧಕ್ಕೇ ಬಿಟ್ಟು ಎದ್ದವಳು ಇನ್ನೂ ಮುಗಿಸಿಲ್ಲ. ಎದುರು ಮನೆಯ ಅಕ್ಕ ನೆನಪಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಾವು ಆಗ ದೊಡ್ಡಬಳ್ಳಾಪುರದಲ್ಲಿದ್ದೆವು. ಅಕ್ಕನ ಮನೆಯ ಮುಂಭಾಗದಲ್ಲೇ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಪಿಯುಸಿ ಮುಗಿಸಿ, ಮುಂದೇನು ಎಂದು ತೋಚದೆ ಮನೆಯವರ ತಲೆ ತಿನ್ನುತ್ತಿದ್ದ ನನ್ನನ್ನು ಅಕ್ಕನೇ ಕರೆದು ಲಾಳಿಗೆ ನೂಲು ಸುತ್ತಿಕೊಡುವ ಕೆಲಸಕ್ಕೆ ಹಚ್ಚಿದರು. ನನಗೆ ಬೇಕಾಗಿದ್ದದ್ದು ಒಂದೇ: ಕವಿ ಅನ್ನಿಸಿಕೊಳ್ಳುವುದು. ಕವಿತೆ ಬರೆಯುವುದಕ್ಕಿಂತ ಅನ್ನಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು ಅಂತ ಈಗ ಒಪ್ಪಿಕೊಳ್ಳಬಹುದು.

ಮಗ್ಗ ಓಡುವಾಗ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿಯ ಹೆಂಗಸರು ಕೂಗುವ ಗೋಜಿಗೆ ಹೋಗುತ್ತಿರಲಿಲ್ಲ. ದನಿ ತೆಗೆಯದೆ ತುಟಿ ಆಡಿಸುತ್ತಿದ್ದರು. ಆ ಕಡೆಯವರು ಅದನ್ನು ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದದ್ದು, ಹಿಂದಿನ ಬೀದಿಗೆ ಹೆಣ್ಣು ನೋಡಲು ಬಂದವರು, ಪಕ್ಕದಲ್ಲೇ ನಿಂತಿರುವ ಅತ್ತೆಯ ಮೇಲಿನ ದೂರು... ಎಲ್ಲವೂ ಹಾಗೇ ಸಾಗುತ್ತಿತ್ತು. ಅಕ್ಕ ಇದರಲ್ಲಿ ಎಲ್ಲರಿಗಿಂತ ಜೋರು. ಬೀದಿಯಲ್ಲಿ ಸಿಕ್ಕಾಗಲೂ ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿಯನ್ನೇ ನೋಡುತ್ತಿದ್ದರು. ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು.

ಒಂದು ದಿನ ತಡೆಯಲಾರದೆ ಎರಡು ಮಗ್ಗಗಳ ಆಚೆಯಿಂದ ಅವರಿಗೆ ನನ್ನ ಕವಿತೆ ಹೇಳಿದೆ. ಅದರಲ್ಲಿ ಕತ್ತಲ ಗುಹೆಗೆ 'ತಮೋಗಹ್ವರ' ಎಂಬ ಪದ ಬಂತು. ಅವರಿಗೆ ತಿಳಿಯಲಿಲ್ಲವೆಂದು ಮೂರು ಸಲ ಬಾಯಿ ಅಗಲಿಸಿ ಹೇಳಿದೆ. ಅಕ್ಕ ಗಾಬರಿಯಾಗಿ ಹತ್ತಿರ ಬಂದು, ಹಲ್ಲು ನೋವಾ ಎಂದು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಆ ಪದವನ್ನು ಹೊಡೆದುಹಾಕಿದೆ.

ಆಮೇಲೆ ಅದು ಅಭ್ಯಾಸವಾಯಿತು. ಬರೆದದ್ದನ್ನೆಲ್ಲ ಮೊದಲು ಅಕ್ಕನಿಗೆ ತುಟಿಯಲ್ಲಿ ಒಪ್ಪಿಸುತ್ತಿದ್ದೆ. ಹಿಡಿಸದಿದ್ದರೆ ಅವರು "ಬಾಯಿಗೆ ಬರಲ್ಲ ಕಣೆ" ಎಂದು ತಲೆಯಾಡಿಸಿ, ಕಡಿದ ಎಳೆಗೆ ಗಂಟು ಹಾಕಲು ಬಗ್ಗುತ್ತಿದ್ದರು. ಅಷ್ಟೇ ವಿಮರ್ಶೆ. ಇವತ್ತಿಗೂ ಕವಿತೆಯಾಗಲಿ ಕತೆಯಾಗಲಿ, ಒಮ್ಮೆ ದನಿಯಿಲ್ಲದೆ ಆಡಿ ನೋಡದೆ ನಾನು ಯಾರಿಗೂ ಕಳಿಸುವುದಿಲ್ಲ. ಫ್ಯಾಕ್ಟರಿ ಬಸ್ಸಿನಲ್ಲಿ ಪಕ್ಕ ಕೂತವರು ನನಗೆ ಸ್ವಲ್ಪ ತಿಕ್ಕಲು ಅಂದುಕೊಂಡಿದ್ದಾರೆ.

ಆ ಮಳೆಗಾಲದಲ್ಲಿ ನಾನೊಂದು ಮಳೆಯ ಕವಿತೆ ಬರೆದಿದ್ದೆ. 'ಮಳೆ ನಿಂತ ಮೇಲೂ ಹಿತ್ತಲಲ್ಲಿ ಸದ್ದಿತ್ತು' ಎಂಬುದು ಅದರ ಕೊನೆಯ ಸಾಲು. ಸಾಧಾರಣ ಸಾಲು, ಯಾರು ಬೇಕಾದರೂ ಬರೆಯಬಹುದಾದದ್ದು. ನಾನು ಹೇಳಿ ಮುಗಿಸುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ನಾಲ್ಕೂ ಮಗ್ಗಗಳು ಒಟ್ಟಿಗೇ ನಿಂತವು. ಆ ಮೌನದಲ್ಲಿ ಅಕ್ಕ ನನ್ನನ್ನೇ ನೋಡುತ್ತಾ ಕೇಳಿದರು.

"ನಿಮ್ಮಜ್ಜಿ ಹೋದ್ಮೇಲೂ ಬಳೆ ಸದ್ದು ಕೇಳ್ತಿತ್ತೇನೇ ನಿಂಗೆ?"

ಮ, ಬ, ಪ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ದಿನದ ಮಾತಿನಲ್ಲಿ ಯಾವುದು ಎಂದು ಹಿಂದುಮುಂದಿನಿಂದ ಗೊತ್ತಾಗಿಬಿಡುತ್ತದೆ; ಕವಿತೆಯಲ್ಲಿ ಗೊತ್ತಾಗಿರಲಿಲ್ಲ. ಅವರು ಮಳೆಯನ್ನು ಬಳೆ ಎಂದು ಓದಿದ್ದರು. ಬಳೆ ನಿಂತ ಮೇಲೂ ಹಿತ್ತಲಲ್ಲಿ ಸದ್ದಿತ್ತು... ಕೈತುಂಬ ಗಾಜಿನ ಬಳೆ ತೊಟ್ಟು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಅಜ್ಜಿ ಹೋಗಿ ಮೂರು ತಿಂಗಳಾಗಿತ್ತು, ನಾನು ಅತ್ತೇ ಇರಲಿಲ್ಲ. ಅವತ್ತು ಅಕ್ಕನ ಎದುರು ಅತ್ತುಬಿಟ್ಟೆ. ತಪ್ಪು ಓದಿದಿರಿ ಎಂದು ಮಾತ್ರ ಹೇಳಲಿಲ್ಲ.

ಮನೆಗೆ ಹೋಗಿ ಒಂದಕ್ಷರ ತಿದ್ದಿದೆ. ಆ ಒಂದಕ್ಷರದಿಂದ ನಾನು ಕವಿಯಾದೆ. ಪತ್ರಿಕೆಯಲ್ಲಿ ಬಂತು, ಕವಿಗೋಷ್ಠಿಗಳಿಗೆ ಕರೆದರು, ಮೊದಲ ಪುಸ್ತಕದ ಹಿಂಬದಿಯಲ್ಲಿ ಆ ಸಾಲನ್ನೇ ದಪ್ಪಕ್ಷರದಲ್ಲಿ ಹಾಕಿದರು. ಅಷ್ಟು ಹೊತ್ತಿಗೆ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಹೊಸಕೋಟೆಗೆ ಬಂದಿದ್ದೆ. ಹೊಗಳಿದವರಿಗೆಲ್ಲ ಥ್ಯಾಂಕ್ಸ್ ಹೇಳಿದೆ. ಅಕ್ಕನ ಮಾತು ಮಾತ್ರ ಎಲ್ಲೂ ಎತ್ತಲಿಲ್ಲ.

ಪುಸ್ತಕ ಕೊಡಲು ಹೋದಾಗ ಅಕ್ಕ ಮಗ್ಗ ಮಾರಿದ್ದರು. ಕಿವಿ ಪೂರ್ತಿ ಮಂದವಾಗಿತ್ತು. ಬೆರಳಿಟ್ಟು ಓದುತ್ತಾ ಆ ಸಾಲಿಗೆ ಬಂದು ನಿಂತರು.

"ಅವತ್ತು ನೀನು ಬಳೆ ಅಂತಾನೇ ಅಂದಿದ್ದು ಅಲ್ವಾ? ನಿನ್ ಮುಖ ನೋಡಿ, ನಾನೇ ಏನೋ ತಪ್ಪಾಗಿ ತಿಳ್ಕೊಂಡೆ ಅಂದ್ಕೊಂಡಿದ್ದೆ."

ನಿಜ ಹೇಳಲೆಂದೇ ಬಸ್ಸು ಹತ್ತಿದ್ದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬಳೆ ಅಂತಾನೇ ಅಂದಿದ್ದೆ ಅಕ್ಕ" ಎಂದೆ.

ಅವರ ಮುಖ ಅರಳಿತು. ಸೊಸೆಯನ್ನು ಕರೆದು, ಎರಡು ಮಗ್ಗದಾಚೆಯಿಂದ ಕವಿತೆಯನ್ನೇ ಸರಿಯಾಗಿ ಓದಿದ್ದೆ ನೋಡು ಎಂದು ಹೇಳಿಕೊಂಡರು. ಅವರ ಖುಷಿಗಾಗಿ ಸುಳ್ಳು ಹೇಳಿದೆ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡೆ. ಸುಳ್ಳು ಹೇಳಿದ್ದು ನನಗಾಗಿ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡಿದ್ದೆ. ಯುಗಾದಿಗೆ ಮೊದಲೇ ಅಕ್ಕ ಹೋಗಿಬಿಟ್ಟರು, ಸುದ್ದಿ ನನಗೆ ತಿಥಿ ಮುಗಿದ ಮೇಲೆ ಮುಟ್ಟಿತು.

ಮೊನ್ನೆ ದೇವನಹಳ್ಳಿಯ ಕಾಲೇಜೊಂದಕ್ಕೆ ಮಾತಾಡಲು ಕರೆದಿದ್ದರು. ಆ ಸಾಲು ಹೇಗೆ ಹೊಳೆಯಿತು ಮೇಡಂ ಎಂದು ಒಬ್ಬ ಹುಡುಗಿ ಕೇಳಿದಳು. ಭಾನುವಾರದಿಂದ ಒದ್ದಾಡುತ್ತಿದ್ದವಳು ಎಲ್ಲವನ್ನೂ ಹೇಳಿಬಿಟ್ಟೆ: ಅದು ನನ್ನದಲ್ಲ, ಮಗ್ಗದ ಮನೆಯ ಅಕ್ಕನದು, ನಾನು ಅವರಿಗೂ ಸುಳ್ಳು ಹೇಳಿದೆ ಎಂದು. ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಎಂಥ ವಿನಯ ನಿಮ್ಮದು ಎಂದು ಪ್ರಿನ್ಸಿಪಾಲರು ಶಾಲು ಹೊದಿಸಿದರು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಅಷ್ಟು ಜನರಲ್ಲಿ ಒಬ್ಬರೂ ಅಕ್ಕನ ಹೆಸರೇನೆಂದು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಇಷ್ಟನ್ನು ಬರೆದು ಮೊದಲಿಂದ ಓದಿ ನೋಡಿದೆ. ಇಲ್ಲಿಯೂ ಹೇಳಿಲ್ಲ.