ಆರಿಸಿ ಉಳಿದ ಕಾಳು

ಕಟಕೋಳದ ಹಸೀನಾಬಿಗೆ ಸಿಟ್ಟು ಬರಿಸಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅವಳೆದುರು ಒಂದು ಶೇಂಗಾಕಾಳು ಚೆಲ್ಲಿದರೆ ಸಾಕಿತ್ತು. ಗಂಡನಿರಲಿ, ಮೊಮ್ಮಗಳಿರಲಿ, ಪಂಚಾಯಿತಿ ಮೆಂಬರನೇ ಇರಲಿ, “ಹೆಕ್ಕ್ರಿ ಅದನ್ನ” ಎಂದು ಬಗ್ಗಿಸಿಯೇ ಬಿಡುತ್ತಿದ್ದಳು. ಬಿಸಾಡಿದ ಕಾಳು ಕಯಾಮತ್ತಿನ ದಿನ ಎದುರು ನಿಂತು ಜವಾಬು ಕೇಳುತ್ತದೆ ಎಂದು ಅವಳ ತಾಯಿ ಹೇಳಿದ್ದಳಂತೆ. ತಾಯಿಯ ಮಾತನ್ನೆಲ್ಲ ಕೇಳಿದ ಮಗಳೇನಲ್ಲ ಹಸೀನಾಬಿ. ಇದೊಂದನ್ನು ಮಾತ್ರ ಅರವತ್ತು ತುಂಬುವವರೆಗೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

ಅವಳ ಕಸುಬೂ ಕಾಳಿನದೇ, ಶೇಂಗಾ ಚಟ್ನಿ ಕುಟ್ಟಿ ಮಾರುವುದು. ಅದು ಶುರುವಾದದ್ದು ಗಂಡ ದಸ್ತಗೀರಸಾಬನ ಬುತ್ತಿಯಿಂದ. ಆತ ಮೂವತ್ತು ವರ್ಷ ರಾಮದುರ್ಗ, ಸವದತ್ತಿ, ಬೈಲಹೊಂಗಲ ಎಂದು ಟೆಂಪೋ ಹೊಡೆದವನು. ಮಧ್ಯಾಹ್ನ ಡ್ರೈವರುಗಳೆಲ್ಲ ಒಂದೇ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಹಸೀನಾಬಿ ಕಟ್ಟಿದ ಚಟ್ನಿ ಎಲ್ಲರ ರೊಟ್ಟಿಯ ಮೇಲೂ ಹಂಚಿಹೋಗಿ, ತಂದವನಿಗೆ ಬರೀ ರೊಟ್ಟಿ ಉಳಿಯುತ್ತಿತ್ತು. “ಅವರ ಪಾಲಿಂದೂ ಸೇರಿಸಿ ಕುಟ್ಟು, ಇಲ್ಲಾಂದ್ರ ನಾ ಉಪಾಸ ಸಾಯತೇನಿ” ಎಂದು ಅವನು ಗೋಗರೆದ ಮೇಲೆ ಒರಳು ದೊಡ್ಡದಾಯಿತು. ಪಕ್ಕದ ಮನೆಯ ರಾಚವ್ವ ಎರಡನೆಯ ಒನಕೆ ಹಿಡಿದಳು. ಚಟ್ನಿ ಡ್ರೈವರುಗಳಿಂದ ಕಿರಾಣಿ ಅಂಗಡಿಗಳಿಗೆ ಹೋಯಿತು. ಈಗ ದಸ್ತಗೀರಸಾಬನ ಮೊಣಕಾಲು ಕೈಕೊಟ್ಟಿದೆ. ಟೆಂಪೋ ಬಿಟ್ಟು ಸ್ಕೂಟರಿನ ಮೇಲೆ ಹೆಂಡತಿಯ ಚಟ್ನಿ ಸಾಗಿಸುವುದೇ ಅವನ ಡ್ಯೂಟಿ. ರಾಮದುರ್ಗ, ಸಾಲಹಳ್ಳಿ ಕಡೆಯ ಹದಿನೆಂಟು ಅಂಗಡಿಗಳಲ್ಲಿ ಹಸೀನಾಬಿಯ ಪಾಕೀಟು ತೂಗಾಡುತ್ತದೆ.

ಪಾಕೀಟಿನ ಮೇಲೆ ಹೆಸರಿತ್ತು, ತಯಾರಿಸಿದ ತಾರೀಖಿತ್ತು, ಕೆಳಗೆ ಆಹಾರ ಸುರಕ್ಷತಾ ಇಲಾಖೆಯ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ ಇತ್ತು. ಸೊಸೆ ತಬಸ್ಸುಮ್ ಮೊಬೈಲಿನಲ್ಲೇ ಅರ್ಜಿ ಹಾಕಿ ಅದನ್ನು ತರಿಸಿದ್ದಳು. “ಇಷ್ಟುದ್ದದ ನಂಬರ ಹತ್ತು ಗಾಲಿ ಲಾರಿಗೂ ಇರಂಗಿಲ್ಲ” ಎಂದು ದಸ್ತಗೀರಸಾಬ ಬೀಗಿದ್ದ. ಅದು ಗಾಡಿಯ ನಂಬರಿನ ಹಾಗೆ ಹಚ್ಚಿಕೊಂಡು ತಿರುಗುವುದಕ್ಕಲ್ಲ, ಅದರ ಜಾಡು ಹಿಡಿದು ಒಂದು ದಿನ ಯಾರಾದರೂ ಮನೆಗೆ ಬರುತ್ತಾರೆ ಎಂಬುದು ಗಂಡನಿಗೂ ತಿಳಿದಿರಲಿಲ್ಲ, ಹೆಂಡತಿಗೂ ತಿಳಿದಿರಲಿಲ್ಲ.

ಹಸೀನಾಬಿಗೆ ತಿಳಿದಿದ್ದು ತನ್ನ ಕೆಲಸದ ರೀತಿ. ಒಣಗಿದ ಶೇಂಗಾಕಾಯಿ ಸುಲಿಯುವುದೆಂದರೆ ಬೆರಳ ತುದಿ ಒಡೆಯುವ ಕೆಲಸ. ಅದಕ್ಕೆ ನಮ್ಮ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದಾರೆ. ಸಂಜೆ ಕಾಯಿಯ ರಾಶಿಗೆ ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಡುವುದು. ಬೆಳಗಾಗುವುದರೊಳಗೆ ಸಿಪ್ಪೆ ಮೆತ್ತಗಾಗಿ ಚಟಕ್ಕನೆ ಬಿಡುತ್ತದೆ, ಕಾಳೂ ಒಡೆಯುವುದಿಲ್ಲ. ಸುಲಿದ ಮೇಲೆ ಮೊರದಲ್ಲಿ ಹಾಕಿ ಆರಿಸುವುದು. ಗುಂಡಗಿನ, ಕೆಂಪಗಿನ ಕಾಳೆಲ್ಲ ಗಿರಾಕಿಗೆ. ಸುಕ್ಕಾದದ್ದು, ಕಪ್ಪು ಕಲೆ ಬಿದ್ದದ್ದು ಬೇರೆ ಡಬ್ಬಿಗೆ. ಅದನ್ನು ಗಿರಾಕಿಗೆ ಕೊಟ್ಟರೆ ಹರಾಮು, ಬಿಸಾಡಿದರೆ ಪಾಪ. ಹಾಗಾಗಿ ಅದನ್ನು ಹದ ಮೀರಿ ಹುರಿದು, ಬೆಳ್ಳುಳ್ಳಿ ಖಾರ ಜಾಸ್ತಿ ಹಾಕಿ ಕುಟ್ಟಿ ಮನೆಗೆ ಇಟ್ಟುಕೊಳ್ಳುತ್ತಿದ್ದಳು. ತುಸು ಕಹಿ ಇರುತ್ತಿತ್ತು. ಮನೆಯವರಿಗೆ ಅದೇ ರೂಢಿ. ಇಷ್ಟು ಪ್ರಾಮಾಣಿಕಳಾದ ವ್ಯಾಪಾರಿಯನ್ನು ನಾನಂತೂ ಈ ಸೀಮೆಯಲ್ಲಿ ಕಂಡಿಲ್ಲ, ಮತ್ತು ಆ ಪ್ರಾಮಾಣಿಕತೆಯೇ ಅವಳಿಗೆ ಮುಳುವಾಗುವುದರಲ್ಲಿತ್ತು.

ಎರಡು ವರ್ಷದ ಹಿಂದೆ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮನೆ ಮುಂದೆ ಸರಕಾರಿ ಜೀಪು ನಿಂತಿತು. ಇಳಿದವಳು ಸಂಘಮಿತ್ರಾ, ತಾಲೂಕಿನ ಆಹಾರ ಸುರಕ್ಷತಾ ಅಧಿಕಾರಿ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೆಗಲಿಗೆ ಚೀಲ. ದಸ್ತಗೀರಸಾಬ ಚೆಕ್‌ಪೋಸ್ಟುಗಳಲ್ಲಿ ಜನ್ಮ ಸವೆಸಿದವನು. ಅವನು ಚಹಾಕ್ಕೆ ಹೇಳಿ, ಎರಡು ಕಿಲೋ ಚಟ್ನಿ ಕಟ್ಟಿಸಿ, ಜೀಪಿನಲ್ಲಿ ಇಡಲು ಹೊರಟೇಬಿಟ್ಟ.

“ಅದನ್ನ ಒಳಗ ಇಡ್ರಿ ಯಜಮಾನ್ರ” ಎಂದಳು ಸಂಘಮಿತ್ರಾ. “ನಾ ಸ್ಯಾಂಪಲ್ ತಗೊಂಡ್ ಹೋಗಾಕ ಬಂದೇನಿ. ಅದಕ್ಕೂ ರೊಕ್ಕ ಕೊಟ್ಟ ತಗೋಬೇಕು, ಪಾವತಿ ಬರದ ಕೊಡ್ರಿ.” ಈ ಸಲ ಶೇಂಗಾ ಪದಾರ್ಥಗಳ ಸರದಿ, ಎಲ್ಲ ಊರಿನಿಂದಲೂ ತರಿಸಿ ನೋಡುತ್ತಿದ್ದೇವೆ, ಇದು ಕೇಸು ಹಾಕುವುದಕ್ಕಲ್ಲ, ಪರಿಸ್ಥಿತಿ ಹೇಗಿದೆ ಎಂದು ತಿಳಿಯುವುದಕ್ಕೆ ಎಂದು ವಿವರಿಸಿ, ಪಾಕೀಟುಗಳನ್ನು ಒಯ್ದಳು. ರೊಕ್ಕ ಕೊಟ್ಟು ಹೋದ ಅಧಿಕಾರಿಯನ್ನು ದಸ್ತಗೀರಸಾಬ ಕಣ್ಣಾರೆ ಕಂಡದ್ದು ಅದೇ ಮೊದಲು. ಸಾಯಂಕಾಲದವರೆಗೂ ಅದನ್ನೇ ಹೇಳಿಕೊಂಡು ತಿರುಗಿದ.

ಮೂರು ವಾರ ಬಿಟ್ಟು ಅವಳು ಮತ್ತೆ ಬಂದಾಗ ಕೈಯಲ್ಲಿ ಪ್ರಯೋಗಾಲಯದ ವರದಿ ಇತ್ತು.

“ಅಮ್ಮಾರ, ನಿಮ್ಮ ಚಟ್ನ್ಯಾಗ ಒಂದು ನಮೂನಿ ವಿಷ ಸಿಕ್ಕೈತಿ. ಅಫ್ಲಾಟಾಕ್ಸಿನ್ ಅಂತಾರ. ಕಾಳಿಗೆ ಬೂಷ್ಟ ಹಿಡದ್ರ ಬರತೈತಿ. ಇರಬೇಕಾದ ಮಿತಿ ದಾಟೈತ್ರಿ.”

ಹಸೀನಾಬಿಯ ಮುಖ ಕೆಂಪಾಯಿತು. “ಇಪ್ಪತ್ತ ವರ್ಷ ಆತು ಬಾಯಾರ, ನಾ ಚಟ್ನಿ ಮಾರಾಕ ಹತ್ತಿ. ಒಬ್ಬರಿಗೂ ಹೊಟ್ಟಿ ಕಡದಿಲ್ಲ. ಬೇಕಾರ ಊರ ತುಂಬ ಕೇಳ್ರಿ.”

“ಹೊಟ್ಟಿ ಕಡಸೂ ವಿಷ ಅಲ್ರಿ ಇದು. ಅದಕ್ಕ ಯಾರಿಗೂ ಗೊತ್ತಾಗಂಗಿಲ್ಲ. ಕಣ್ಣಿಗೆ ಕಾಣಂಗಿಲ್ಲ, ಹುರದ್ರೂ ಪೂರಾ ಹೋಗಂಗಿಲ್ಲ. ದಿನಾ ತಿಂದ್ರ ಸಾವಕಾಶ ಲಿವರಿಗೆ ಹತ್ತತೈತಿ. ಸಣ್ಣ ಮಕ್ಕಳಿಗಂತೂ ಭಾಳ ಕೆಟ್ಟದ್ದು.”

ನಿಮ್ಮ ಕೆಲಸದ ಜಾಗ ತೋರಿಸಿ ಎಂದು ಸಂಘಮಿತ್ರಾ ಪಡಸಾಲೆಗೆ ಬಂದಳು. ಗೋಣಿಚೀಲ ಎತ್ತಿ ಕಾಯಿಯ ರಾಶಿಯೊಳಗೆ ಕೈ ತೂರಿಸಿದಳು. ಒಳಗೆ ಬೆಚ್ಚಗಿತ್ತು, ಕೈಗೆ ಪಸೆ ಹತ್ತಿತು. ಮಳೆಗಾಲದ ತೇವದಲ್ಲಿ ಹೀಗೆ ಒದ್ದೆ ಮುಚ್ಚಿಟ್ಟರೆ ಬೂಷ್ಟು ಬೆಳೆಯುವುದಕ್ಕೆ ತೊಟ್ಟಿಲು ಕಟ್ಟಿಕೊಟ್ಟಂತೆ ಎಂದಳು. ಬೆರಳ ನೋವು ತಪ್ಪಿಸಲು ಮಾಡಿದ ಉಪಾಯಕ್ಕೆ ಇಂಥ ಬೆಲೆಯಿದೆ ಎಂದು ಯಾರು ಕಂಡಿದ್ದರು. ಆಮೇಲೆ ಅವಳ ಕಣ್ಣು ಮೂಲೆಯ ಡಬ್ಬಿಯ ಮೇಲೆ ಬಿತ್ತು.

“ಈ ಕಪ್ಪ ಕಾಳ ಎಲ್ಲಿಗೆ ಹೋಗತಾವ್ರಿ?”

ಹಸೀನಾಬಿಗೆ ಇದೊಂದರಲ್ಲಾದರೂ ತಲೆ ಎತ್ತಿ ಉತ್ತರಿಸುವ ಧೈರ್ಯವಿತ್ತು. “ಅಲ್ಲಾನ ಆಣಿ, ಅದರಾಗ ಒಂದ ಕಾಳೂ ಗಿರಾಕಿಗೆ ಹಾಕಿಲ್ರಿ. ಅವು ನಮ್ಮ ಮನಿಗೆ.”

ಸಂಘಮಿತ್ರಾ ತಿರುಗಿ ನೋಡಿದಳು. ಕಟ್ಟೆಯ ಮೇಲೆ ಐದು ವರ್ಷದ ಮೊಮ್ಮಗಳು ತಸ್ಲೀಮ್ ಕಾಲು ಆಡಿಸುತ್ತ, ರೊಟ್ಟಿಗೆ ಚಟ್ನಿ ಎಣ್ಣೆ ಕಲಸಿಕೊಂಡು ತಿನ್ನುತ್ತಿದ್ದಳು.

“ಅಮ್ಮಾರ,” ಎಂದಳು ಸಂಘಮಿತ್ರಾ ಮೆಲ್ಲಗೆ, “ವಿಷ ಎಲ್ಲಾಕಿಂತ ಜಾಸ್ತಿ ಇರೂದು ಇಂಥಾ ಕಾಳಿನ್ಯಾಗನ.”

ಹಸೀನಾಬಿ ಕಟ್ಟೆಯವರೆಗೆ ಹೇಗೆ ಹೋದಳೋ ಅವಳಿಗೇ ಗೊತ್ತಿಲ್ಲ. ಮೊಮ್ಮಗಳ ಕೈಯಿಂದ ರೊಟ್ಟಿ ಕಿತ್ತುಕೊಂಡಳು, ಬಾಯಿಗೆ ಬೆರಳು ಹಾಕಿ ಇದ್ದ ತುತ್ತನ್ನೂ ತೆಗೆದಳು. ಕೂಸು ಅಳತೊಡಗಿತು. ಅಜ್ಜಿ ಅದಕ್ಕಿಂತ ಜೋರಾಗಿ ಅತ್ತಳು. ಊರ ಮಕ್ಕಳಿಗೆ ಒಳ್ಳೆಯದನ್ನು ಕಳಿಸಿ, ಹೆಕ್ಕಿ ಹೆಕ್ಕಿ ಕೆಟ್ಟದ್ದನ್ನು ತನ್ನ ಕೂಸಿನ ತಾಟಿಗೆ ಹಾಕಿದ್ದಳಲ್ಲ, ಅದನ್ನು ಅವಳಿಗೆ ನುಂಗಿಕೊಳ್ಳಲಾಗಲಿಲ್ಲ.

ಮರುದಿನ ತಸ್ಲೀಮಳನ್ನು ರಾಮದುರ್ಗದ ಡಾಕ್ಟರರಿಗೆ ತೋರಿಸಿದರು. ರಕ್ತ ತೆಗೆದರು, ಎತ್ತರ ತೂಕ ನೋಡಿದರು. ರಕ್ತದ ವರದಿ ಬರುವವರೆಗಿನ ಎರಡು ದಿನ ಹಸೀನಾಬಿ ಒರಳು ಮುಟ್ಟಲಿಲ್ಲ, ನಮಾಜಿನ ಚಾಪೆ ಮಡಿಸಲಿಲ್ಲ. ಲಿವರಿಗೆ ಏನೂ ಆಗಿಲ್ಲ, ಬೆಳವಣಿಗೆ ಸರಿಯಾಗಿದೆ, ಆ ಚಟ್ನಿ ಒಂದು ಬಿಡಿಸಿ ಎಂದರು ಡಾಕ್ಟರು. ದವಾಖಾನೆಯ ಮೆಟ್ಟಿಲ ಮೇಲೆಯೇ ಕುಳಿತ ಹಸೀನಾಬಿ ಮೊದಲು ಅಲ್ಲಾನನ್ನು ನೆನೆದಳು, ಆಮೇಲೆ ಸಂಘಮಿತ್ರಾಳನ್ನು.

ಇನ್ನು ಉಳಿದದ್ದು ಮಾರಿದ ಮಾಲು. ಇದ್ದ ಪಾಕೀಟುಗಳನ್ನೆಲ್ಲ ವಾಪಸು ತರಿಸಬೇಕು ಎಂದು ಸಂಘಮಿತ್ರಾ ಹೇಳಿ ಹೋಗಿದ್ದಳು. ಇನ್ನೊಬ್ಬರಾಗಿದ್ದರೆ ಏನಾದರೂ ನೆಪ ಹೇಳಿ ತರಿಸುತ್ತಿದ್ದರು. ಹಸೀನಾಬಿ ಗಂಡನ ಸ್ಕೂಟರಿನ ಹಿಂದೆ ಕುಳಿತು ಹದಿನೆಂಟು ಅಂಗಡಿಗೂ ತಾನೇ ಹೋದಳು. ರಾಮದುರ್ಗದ ಪ್ಯಾಟಿಯಲ್ಲಿ ಅವಳ ಹಳೆಯ ಅಂಗಡಿಕಾರ ಬಸಯ್ಯ ತಲೆ ಕೆರೆದುಕೊಂಡ.

“ಒಯ್ಯಿ ಬೂಬು. ಆದ್ರ ಕೇಳಿದ ಮಂದಿಗೆ ಏನಂತ ಹೇಳ್ಲಿ? ಮಾಲ್ ಮುಗದೈತಿ ಅಂತೀನಿ.”

“ಬ್ಯಾಡ್ರಿ ಬಸಯ್ಯಾರ. ಖರೇ ಹೇಳ್ರಿ. ಮನಿಗೆ ಒಯ್ದವರೂ ತಿನ್ನಬಾರದಲ್ಲ.” ಅವಳು ತಬಸ್ಸುಮಳ ಕೈಯಿಂದ ಬರೆಸಿ ತಂದ ಕಾಗದವನ್ನು ಅಂಗಡಿಯ ಕಂಬಕ್ಕೆ ಅಂಟಿಸಿದಳು. ಇಂಥ ತಾರೀಖಿನ ಚಟ್ನಿಯಲ್ಲಿ ದೋಷವಿದೆ, ತಿನ್ನಬೇಡಿ, ಮರಳಿ ಕೊಡಿ, ತಪ್ಪು ನನ್ನದು, ಹಸೀನಾಬಿ ಎಂದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ತನ್ನ ಮಾನ ಒಂದು ಶೇಂಗಾಕಾಳಿಗೆ ಹೋಯಿತು ಎಂದೇ ಅವಳು ನಂಬಿ ಮನೆಗೆ ಬಂದಳು.

ವಾಪಸು ಬಂದ ಪಾಕೀಟು, ಮನೆಯ ರಾಶಿ, ಕಪ್ಪು ಕಾಳಿನ ಡಬ್ಬಿ, ಎಲ್ಲ ಸೇರಿ ಮೂರು ಚೀಲವಾಯಿತು. ರಾಚವ್ವನಿಗೆ ಸಂಕಟ. “ಮಣ್ಣಾಗ ಯಾಕ ಹಾಕತೀರಿ? ನಮ್ಮ ಎಮ್ಮಿ ಮುಂದರ ಸುರುವ್ರಿ, ತಿಂದ ಹೋಗಲಿ” ಎಂದಳು. ಎಮ್ಮೆ ತಿಂದರೆ ಹಾಲಿನಲ್ಲಿ ಇಳಿದು ಮತ್ತೆ ಮಕ್ಕಳ ಹೊಟ್ಟೆಗೇ ಬರುತ್ತದೆ ಎಂದು, ಮಾಲು ಹೂಳುವುದನ್ನು ನೋಡಲು ಬಂದಿದ್ದ ಸಂಘಮಿತ್ರಾ ತಡೆದಳು. ಹಿತ್ತಲಲ್ಲಿ ಗುಂಡಿ ತೆಗೆಸಿದರು. ಜೀವಮಾನದಲ್ಲಿ ಒಂದು ಕಾಳು ಚೆಲ್ಲದ ಹೆಂಗಸು ಮೂರು ಚೀಲ ಸುರಿದು, ಸುಣ್ಣ ಹಾಕಿ, ಮಣ್ಣೆಳೆದಳು.

ಕೈ ತೊಳೆದುಕೊಂಡು ಬಂದು ಕೇಳಿದಳು, “ಬಾಯಾರ, ಇಷ್ಟ ಇದ್ರ ನಡೀತೈತಿ, ಇದಕ್ಕಿಂತ ಜಾಸ್ತಿ ಇರಬಾರದು ಅಂತ ಹೇಳಿದವರ ಯಾರ್ರಿ?”

“ದಿಲ್ಲ್ಯಾಗ ಒಂದು ಪ್ರಾಧಿಕಾರ ಐತ್ರಿ. ವಿಜ್ಞಾನಿಗಳನ್ನ ಕೂಡಿಸಿ, ಯಾವ ತಿನಿಸಿನ್ಯಾಗ ಏನ ಎಷ್ಟ ಇರಬೇಕು ಅಂತ ದೇಶಕ್ಕೆಲ್ಲ ಒಂದ ನಿಯಮ ಬರದಿಟ್ಟಾರ. ನಾವು ಅದನ್ನ ಹಿಡದ ಊರೂರ ತಿರಗತೇವಿ.”

ಹಸೀನಾಬಿ ಗುಂಡಿಯ ಮೇಲಿನ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡಿದಳು. “ಹೆಸರ ಗೊತ್ತಿಲ್ಲ, ಮಾರಿ ನೋಡಿಲ್ಲ. ದಿಲ್ಲ್ಯಾಗ ಕುಂತ ನಮ್ಮ ತಸ್ಲೀಮಳ ರೊಟ್ಟಿ ಚಿಂತಿ ಮಾಡ್ಯಾರಲ್ರಿ” ಎಂದಳು.

ಆಮೇಲಿನ ಎರಡು ತಿಂಗಳು ಅವಳು ಕಲಿತದ್ದನ್ನು ಮರೆತು ಹೊಸದಾಗಿ ಕಲಿತಳು. ಮಳೆ ನಿಂತ ಮೇಲೆ ಹೊಸ ಕಾಯಿ ತರಿಸಿ, ತಾಡಪತ್ರಿಯ ಮೇಲೆ ಹರಡಿ, ಗಲಗಲ ಅನ್ನುವವರೆಗೂ ಒಣಗಿಸಿದಳು. ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲುಗಿಸುವಳು. ಕಾಳು ಒಳಗೆ ಸದ್ದು ಮಾಡಿದರೆ ಒಣಗಿದೆ, ಇಲ್ಲದಿದ್ದರೆ ಇನ್ನೊಂದು ಬಿಸಿಲು. ನೀರು ಮುಟ್ಟಿಸದೆ ಸುಲಿದು ಅವಳ ಮತ್ತು ರಾಚವ್ವನ ಬೆರಳು ಒಡೆದವು. ಇಬ್ಬರೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬೈದುಕೊಳ್ಳುತ್ತ ಸುಲಿದರು. ಕಪ್ಪು ಕಾಳು ಸಿಕ್ಕರೆ ಹಸೀನಾಬಿ ‘ತೋಬಾ’ ಎಂದು ತೆಗೆದು ಬೇರೆ ಹಾಕಿ ಹೂಳುತ್ತಿದ್ದಳು. ತಾಯಿಗೆ ಇದು ಗೊತ್ತಿದ್ದರೆ ಅವಳೂ ಹೂಳುತ್ತಿದ್ದಳು ಎಂದು ಸಮಾಧಾನ ಮಾಡಿಕೊಂಡಳು.

ಸಂಘಮಿತ್ರಾ ಹೇಳಿದಂತೆಯೇ ಮತ್ತೆ ಬಂದಳು. ಈ ಸಲದ್ದು ಕಾನೂನಿನ ಸ್ಯಾಂಪಲ್. ನಾಲ್ಕು ಭಾಗ ಮಾಡಿ, ಅರಗಿನ ಮುದ್ರೆ ಒತ್ತಿ, ಸಾಕ್ಷಿಯ ಸಹಿ ಹಾಕಿಸಿದಳು. ಇದರಲ್ಲಿ ವಿಷ ಸಿಕ್ಕರೆ ಕೋರ್ಟು, ಚಟ್ನಿಯ ಕಸುಬು ಅಲ್ಲಿಗೆ ಮುಗಿದಂತೆ. ಮುಖದ ಮೇಲೆ ಪರಿಚಯದ ಒಂದು ನಗೆಯನ್ನೂ ಅವಳು ತೋರಿಸಲಿಲ್ಲ. ದಸ್ತಗೀರಸಾಬನಿಗೆ ಅದು ಬೇಸರವಾಯಿತು. ಹಸೀನಾಬಿಗೆ ಮಾತ್ರ ಅದರಿಂದಲೇ ಧೈರ್ಯ ಬಂತು. “ಮುಲಾಜಿಗೆ ಬಿದ್ದ ಬಿಟ್ಟಿದ್ರ ನಮ್ಮ ಕೂಸಿನ ಗತಿ ಏನಾಗತಿತ್ತು?” ಎಂದು ಗಂಡನ ಬಾಯಿ ಮುಚ್ಚಿಸಿದಳು.

ಎರಡು ವಾರದ ಮೇಲೆ ಅಂಚೆಯಲ್ಲಿ ವರದಿ ಬಂತು. ತಬಸ್ಸುಮ್ ಬಾಗಿಲಲ್ಲೇ ನಿಂತು ಓದಿದಳು. ವಿಷ ಪತ್ತೆಯಾಗಿಲ್ಲ, ಸುರಕ್ಷಿತ ಎಂದಿತ್ತು. ಅದೇ ವಾರ ಬಸಯ್ಯ ಫೋನು ಮಾಡಿದ. ಕಂಬದ ಮೇಲಿನ ಕಾಗದ ಓದಿದ ಗಿರಾಕಿಗಳು ಇನ್ನೂ ಕೇಳುತ್ತಲೇ ಇದ್ದಾರೆ, ತಪ್ಪು ತಾನೇ ಬರೆದು ಅಂಟಿಸಿದವಳ ಚಟ್ನಿ ಯಾವಾಗ ಬರುತ್ತದೆ ಎನ್ನುತ್ತಾರೆ, ಬೇಗ ಕಳಿಸು ಎಂದ. ಅಷ್ಟು ದಿನ ಮಾನ ಹೋಯಿತೆಂದು ತಲೆ ತಗ್ಗಿಸಿ ಓಡಾಡಿದ್ದ ಹಸೀನಾಬಿ ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಾಕೀಟುಗಳನ್ನು ಚೀಲಕ್ಕೆ ತುಂಬುತ್ತಿದ್ದ ಗಂಡನ ಕೈಯಿಂದ ಅವಳು ಒಂದನ್ನು ತೆಗೆದುಕೊಂಡಳು. ಹೆಸರು, ತಾರೀಖು, ಹದಿನಾಲ್ಕು ಅಂಕಿ, ಎಲ್ಲದರ ಮೇಲೆ ಒಮ್ಮೆ ಬೆರಳಾಡಿಸಿದಳು. ಕತ್ತರಿಯಿಂದ ಮೂಲೆ ಕತ್ತರಿಸಿ, ತಸ್ಲೀಮಳ ರೊಟ್ಟಿಯ ಮೇಲೆ ಸುರಿದು, ಎಣ್ಣೆ ಹಾಕಿದಳು.

“ಅದು ಬಸಯ್ಯಾರ ಅಂಗಡಿ ಪಾಕೀಟ ಅಲ್ಲೇನ?” ಎಂದ ದಸ್ತಗೀರಸಾಬ. “ಗಿರಾಕಿ ಮಾಲ್ ನೀ ಎಂದೂ ಮುಟ್ಟಿದಾಕಿ ಅಲ್ಲ.”

“ಹೌದು. ಇನ್ನ ಮ್ಯಾಲೆ ನಮ್ಮ ಮನಿ ಮಂದಿನೂ ಗಿರಾಕಿನ” ಎಂದಳು ಹಸೀನಾಬಿ.

ಈ ಚಟ್ನಿ ಕಹಿ ಇಲ್ಲ ಎಂದು ಹೇಳಿ ತಸ್ಲೀಮ್ ಇನ್ನೊಂದು ರೊಟ್ಟಿ ಕೇಳಿದಳು.