ನಳಿಗೆಯಲ್ಲಿ ಉಳಿದ ಗುಂಡು

ನಮ್ಮ ಮಾವನವರ ಹತ್ತಿರ ಒಂದು ಪಾಯಿಂಟ್ ಟೂಟೂ ರೈಫಲ್ ಇತ್ತು, ಸಣ್ಣ ಗುಂಡಿನ ಕೋವಿ. ಬೆಳೆ ಕಾಯಲೆಂದು ಅವರ ತಂದೆಯ ಕಾಲದಲ್ಲಿ ತೆಗೆದುಕೊಂಡದ್ದು, ಲೈಸೆನ್ಸು ಆಮೇಲೆ ಇವರ ಹೆಸರಿಗಾಯಿತು. ನಾನು ನಾಗಮಂಗಲದ ಕಡೆಯವಳು. ತೊಣ್ಣೂರು ಕೆರೆಯ ಕೆಳಗಿನ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಅವರು ಕೋವಿ ಒರೆಸುತ್ತಿದ್ದರು. ನಾನು ಅದನ್ನು ಎತ್ತಿಕೊಂಡು, ಮೊದಲು ಬೋಲ್ಟು ಎಳೆದು, ಒಳಗೆ ಗುಂಡಿಲ್ಲವೆಂದು ನೋಡಿದೆ. ಅವರು ತಲೆ ಎತ್ತಿದರು.

"ಇಂಗೆ ನೋಡ್ಬೇಕು ಅಂತ ಯಾರ್ ಏಳ್ಕೊಟ್ರವ್ವ ನಿಂಗೆ?"

ಕಾಲೇಜಿನಲ್ಲಿ ಕೆಡೆಟ್ ಆಗಿದ್ದಾಗ ಇಂಥದೇ ರೈಫಲ್ಲಿನಲ್ಲಿ ಗುರಿ ಕಲಿತಿದ್ದೆ ಎಂದೆ. ಅವತ್ತಿನಿಂದ ಅದನ್ನು ಒರೆಸಿ ಇಡುವ ಕೆಲಸ ನನ್ನದಾಯಿತು. ಅವರಿಗೆ ಕಣ್ಣು ಮಂಜಾಗತೊಡಗಿತ್ತು. ನನ್ನ ಗಂಡನಿಗೆ ಕೋವಿಯೆಂದರೆ ಆಗುತ್ತಿರಲಿಲ್ಲ.

ಕೆಲಸ ದೊಡ್ಡದೇನಲ್ಲ. ಬೋಲ್ಟು ತೆಗೆದಿಟ್ಟು, ಸರಳಿನ ತುದಿಗೆ ಬಟ್ಟೆಯ ಚೂರು ಸಿಕ್ಕಿಸಿ, ಹಿಂದಿನಿಂದ ನಳಿಗೆಯೊಳಗೆ ತೂರಿಸಿ ಬಾಯಿಯ ತನಕ ತಳ್ಳುವುದು. ಬಟ್ಟೆ ಕಪ್ಪಾಗಿ ಬರುತ್ತದೆ, ಆಮೇಲೆ ಬೂದು, ಆಮೇಲೆ ಬಿಳಿ. ಕೊನೆಗೆ ಒಂದು ಹನಿ ಎಣ್ಣೆ. ಖಾಲಿ ಕೋವಿಯ ಟ್ರಿಗರ್ ಎಳೆಯಬಾರದು. ಒಳಗಿನ ಮೊಳೆ ನಳಿಗೆಯ ಅಂಚಿಗೆ ಬಡಿದು ಮೊಂಡಾಗುತ್ತದೆ. ಇಷ್ಟೇ.

ಜಗಳವಿದ್ದದ್ದು ಕಾಡತೂಸಿನ ಬಗ್ಗೆ. ಮೈಸೂರಿನಿಂದ ತಂದ ಹೊಸ ಪೆಟ್ಟಿಗೆಯೊಂದು ಬೀರುವಿನಲ್ಲಿತ್ತು. ಹಳೆಯವು ಹಾಲಿನ ಪುಡಿಯ ಡಬ್ಬಿಯೊಂದರಲ್ಲಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿದ್ದವು. ಬೇಸಿಗೆಯಲ್ಲಿ ಒಲೆಯ ಕಾವು, ಮಳೆಗಾಲದಲ್ಲಿ ಹಬೆ. ಹಿತ್ತಾಳೆ ಕಂದಿ, ಸೀಸದ ಮೇಲೆ ಬಿಳಿ ಹುಡಿ ಕೂತಿತ್ತು. ಈ ಜಾತಿಯ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೆ ತೆಳ್ಳಗೆ ಮೆತ್ತಿರುತ್ತದೆ. ಅದರ ಜೊತೆ ಒಳಗಿನ ಮದ್ದೂ ಥಂಡಿ ಹೀರಿದರೆ ಯಾವುದು ಹಾರುತ್ತದೆ, ಯಾವುದು ಹಾರುವುದಿಲ್ಲ ಎಂದು ಹೇಳಲಾಗದು.

"ಮಾವ, ಇವನ್ನ ಹಾರಿಸ್ಬೇಡಿ," ಎಂದು ಎಷ್ಟೋ ಸಲ ಹೇಳಿದ್ದೆ.

"ಅವೂ ಗುಂಡೇ ಕಣವ್ವ," ಎನ್ನುತ್ತಿದ್ದರು. ಯಾವುದನ್ನೂ ಬಿಸಾಡುವ ಮನುಷ್ಯರಲ್ಲ ಅವರು.

ಆ ವರ್ಷ ಕಬ್ಬು ಆಳೆತ್ತರ ಬೆಳೆದಿದ್ದಾಗ ಚಿರತೆ ಬಂತು. ಮೊದಲು ಎರಡು ನಾಯಿ ಹೋದವು. ಆಮೇಲೆ ಪಕ್ಕದ ಮನೆಯ, ಮಾವನವರಿಗೆ ತಮ್ಮನ ವರಸೆಯಾಗುವವರ ಕರು. ಅರಣ್ಯ ಇಲಾಖೆಯವರು ನಾಲೆಯ ಪಕ್ಕ ಬೋನು ತಂದಿಟ್ಟರು. ಚಿರತೆ ಅದರ ಸುತ್ತ ಓಡಾಡಿದ ಗುರುತಿತ್ತು, ಒಳಗೆ ಹೋಗಲಿಲ್ಲ. ಸಂಜೆ ನಾನು ಶಾಲೆಯಲ್ಲಿ ಪಾಠ ಮುಗಿಸಿ, ಬಸ್ಸಿಳಿದು, ಕಬ್ಬಿನ ನಡುವಿನ ದಾರಿಯಲ್ಲಿ ಬರುವಾಗ ಗರಿ ಸರಿದ ಸದ್ದಾದರೆ ನಿಲ್ಲುತ್ತಿದ್ದೆ. ನಾನು ನಿಂತರೆ ಸದ್ದೂ ನಿಲ್ಲುತ್ತಿತ್ತು.

ಕರು ಕಳೆದುಕೊಂಡವರು ಜಗಲಿಗೆ ಬಂದು ಕೂತರು.

"ಕೋವಿ ಇಟ್ಕಂಡು ಏನ್ ಮಾಡೀಯಣ್ಣ? ನಾಳೀಕೆ ನಿನ್ ಕೊಟ್ಟಿಗೆಗೇ ಬತ್ತದೆ."

"ಇದ್ರಲ್ಲಿ ಒಡುದ್ರೆ ಅದು ಸಾಯಾಕಿಲ್ಲ ಕಣ್ಲಾ. ಗಾಯ ಆಯ್ತದೆ. ಗಾಯ ಆದುದ್ದು ಮನ್ಸರ್ನ ಬುಡಾಕಿಲ್ಲ. ಅದೂ ಅಲ್ದೆ ಚಿರ್ತೆಗೆ ಒಡುದ್ರೆ ಜೈಲು."

"ಅಂಗಾರೆ ಆ ಕೋವಿ ನನ್ ಕೈಗೆ ಕೊಟ್ಬುಡು."

ಮಾವ ಕೊಡಲಿಲ್ಲ. ಕೇಳಿದವರು ಎದ್ದು ಹೋಗುತ್ತ, ಬೀದಿಯವರಿಗೆ ಕೇಳಲಿ ಎಂದೇ, "ಕೋವಿ ಇರೋ ಮನೇಲಿ ಗಂಡಸ್ರಿಲ್ಲ ಬುಡು," ಎಂದರು. ಅವತ್ತು ಮಾವ ಊಟ ಮಾಡಲಿಲ್ಲ.

ಆ ವಾರದ ಭಾನುವಾರ ಎಣ್ಣೆ ಹಾಕೋಣವೆಂದು ಬೀರು ತೆಗೆದೆ. ಕೋವಿಯನ್ನು ಎತ್ತಿದ ತಕ್ಷಣ ಸುಟ್ಟ ಮದ್ದಿನ ವಾಸನೆ ಬಂತು. ಹದಿನೈದು ದಿನದ ಹಿಂದೆ ನಾನೇ ಒರೆಸಿಟ್ಟದ್ದು. ಬೋಲ್ಟು ಎಳೆದು ನೋಡಿದೆ, ಗುಂಡಿರಲಿಲ್ಲ. ಬೋಲ್ಟು ಪೂರ್ತಿ ತೆಗೆದು, ನಳಿಗೆಯನ್ನು ಕಿಟಕಿಯ ಕಡೆ ತಿರುಗಿಸಿ ಹಿಂದಿನಿಂದ ಕಣ್ಣಿಟ್ಟೆ. ಬೆಳಕು ಕಾಣಬೇಕಿದ್ದ ಕಡೆ ಕಪ್ಪಿತ್ತು. ಸರಳು ತೂರಿಸಿದೆ. ಅರ್ಧ ದಾರಿಯಲ್ಲಿ ಅದು ಗಟ್ಟಿಯಾದದ್ದಕ್ಕೆ ತಾಕಿ ನಿಂತಿತು. ಹೆಬ್ಬೆರಳಿನಿಂದ ಅಳತೆ ಹಿಡಿದು, ಸರಳನ್ನು ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ನೋಡಿದೆ. ಕೋವಿಯನ್ನು ಹಿಡಿದೇ ಹಿತ್ತಲಿಗೆ ಹೋದೆ.

ಮಾವ ಹಿತ್ತಲಲ್ಲಿ ಟೋಪಿ ಹಾಕಿಕೊಂಡು, ಎಲ್ಲಿಗೋ ಹೊರಡುವವರ ಹಾಗೆ ನಿಂತಿದ್ದರು. ಅಂಗಿಯ ಜೇಬು ಭಾರಕ್ಕೆ ಜೋತಿತ್ತು.

"ಮಾವ, ಇದನ್ನ ಯಾರು ಹಾರಿಸಿದ್ರು?"

ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಹೇಳಿದರು. ಶುಕ್ರವಾರ ಹೊತ್ತು ಮುಳುಗುವಾಗ ಪಂಪ್‌ಸೆಟ್ಟಿನ ಹತ್ತಿರ ಹೋಗಿದ್ದರು. ಚಿರತೆ ಬದುವಿನ ಮೇಲೆ ಕೂತಿತ್ತು, ಇವರಿಂದ ಹತ್ತಿಪ್ಪತ್ತು ಹೆಜ್ಜೆ ದೂರ. ಇವರು ಗುರಿಯಿಟ್ಟು ಹೊಡೆದರು.

"ಕಡ್ಡಿ ಮುರ್ದಂಗೆ ಚಟ್ ಅಂತು ಅಷ್ಟೆ. ಅದು ಬೆಚ್ಲೂ ಇಲ್ಲ. ನನ್ನೇ ನೋಡ್ತಾ ಕುಂತಿತ್ತು. ಗುರಿ ತಪ್ತು ಅಂತ ಇನ್ನೊಂದು ಆಕ್ದೆ. ಬೆಳ್ಳು ಟ್ರಿಗರ್ ಮೇಲಿತ್ತು ಕಣವ್ವ. ಅಷ್ಟೊತ್ಗೆ ಅದೇ ಎದ್ದು ನಿಧಾನಕ್ಕೆ ಕಬ್ಬೊಳೀಕೆ ವೋಯ್ತು. ಆ ಗುಂಡ್ನ ತಗ್ದು ಬಂದ್ಬುಟ್ಟೆ."

"ಡಬ್ಬಿಯಲ್ಲಿದ್ದ ಗುಂಡಾ?"

ತಲೆಯಾಡಿಸಿದರು. ಗುರಿ ತಪ್ಪಿದ್ದಲ್ಲ, ಗುಂಡು ಹೊರಗೇ ಬಂದಿಲ್ಲ, ನಳಿಗೆಯ ನಡುವೆ ಕೂತಿದೆ ಎಂದೆ. ಎರಡನೆಯದು ಹಾರಿದ್ದರೆ ಇದಕ್ಕೆ ಹೋಗಿ ಬಡಿದು ನಳಿಗೆಯೇ ಸೀಳುತ್ತಿತ್ತು. ಅವರು ನಳಿಗೆಯ ಕೆಳಗೆ ಹಿಡಿಯುವ ತಮ್ಮ ಎಡಗೈಯನ್ನು ಎತ್ತಿ ಅಂಗೈಯನ್ನು ನೋಡಿಕೊಂಡರು. ಜೇಬಿನಿಂದ ಹೊಸ ಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು. ಇವತ್ತು ಮತ್ತೆ ಹೋಗುವವರಿದ್ದರು.

"ಅದು ಸಾಯಲ್ಲ ಅಂತ ನೀವೇ ಹೇಳ್ತಿದ್ರಿ."

"ಗೊತ್ತಿತ್ತು ಕಣವ್ವ. ಗೊತ್ತಿದ್ದೂ ಒಡ್ದೆ."

ಸೋಮವಾರ ಶಾಲೆಗೆ ರಜೆ ಹಾಕಿ ಇಬ್ಬರೂ ಮೈಸೂರಿಗೆ ಹೋದೆವು. ಕೋವಿ ರಿಪೇರಿಯವರು ಸಿಕ್ಕಿಕೊಂಡಿದ್ದ ಗುಂಡನ್ನು ಮೆಲ್ಲಗೆ ತಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಕಡಲೆಯಷ್ಟು ಸೀಸ, ಮೈತುಂಬ ಗೀರು. ಎರಡನೆಯದು ಯಾಕೆ ಹೊಡೆಯಲಿಲ್ಲ ಎಂದು ಅವರು ಕೇಳಿದರು. ಮಾವ ಹಾಲಿನ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಬ್ಬಿಯಲ್ಲಿದ್ದುದನ್ನೆಲ್ಲ ಅಲ್ಲೇ ಒಪ್ಪಿಸಿ, ರಸೀತಿ ಬರೆಸಿಕೊಂಡು ಬಂದೆವು. ಮನೆಗೆ ಬಂದ ಮೇಲೆ ಗೋಡೆಯ ಮೊಳೆಗೆ ತೂಗಿರುತ್ತಿದ್ದ ಬೀರುವಿನ ಬೀಗದ ಕೈಯನ್ನು ಅವರೇ ತೆಗೆದು ನನಗೆ ಕೊಟ್ಟರು.

ಅದಾಗಿ ಹತ್ತು ದಿನಕ್ಕೆ ಚಿರತೆ ಬೋನಿಗೆ ಬಿತ್ತು. ಹೆಣ್ಣು. ಊರೆಲ್ಲ ಮೊಬೈಲು ಹಿಡಿದು ನಿಂತಿತ್ತು. ಮಾವ ದೂರದಿಂದ ನೋಡಿ ವಾಪಸಾದರು. ಸಂಜೆ ನೀರು ಕಟ್ಟಲು ಹೋದವರು ನನ್ನನ್ನು ಕೂಗಿ ಕರೆದರು. ಪಂಪ್‌ಸೆಟ್ಟಿನ ಪಕ್ಕದ ಹಸಿ ಕೆಸರಿನಲ್ಲಿ, ಬೋನು ಸಾಗಿಸಿದ ಮೇಲೆ ಮೂಡಿದ ಹೆಜ್ಜೆಗಳಿದ್ದವು. ಅಂಚು ಇನ್ನೂ ಕುಸಿದಿರಲಿಲ್ಲ. ಒಂದು ಸಾಲು ನನ್ನ ಅಂಗೈಯಗಲದ ಹೆಜ್ಜೆ. ಪಕ್ಕದಲ್ಲೇ ಮರಿಗಳ ಚಿಕ್ಕ ಹೆಜ್ಜೆ, ಎರಡು ಸಾಲು.

ಮಾವ ಬಗ್ಗಿ ನೋಡಿದರು. ಕಬ್ಬಿನ ಕಡೆ ಒಂದು ಸಲ ಕಣ್ಣು ಹಾಯಿಸಿದರು. ಆಮೇಲೆ ಫೋನು ತೆಗೆದು ನನ್ನ ಕೈಗೆ ಕೊಟ್ಟು, ಮೆಲ್ಲನೆ ಹೇಳಿದರು.

"ಅರಣ್ಯದೋರ್ಗೆ ಮಾಡವ್ವ. ಬೋನು ಇನ್ನೊಂದ್ ತರ್ಲಿ. ಮಾತಾಡ್ತಾ ಮಾತಾಡ್ತಾ ಇಂದ್ಕೆ ನಡಿ. ಓಡ್ಬ್ಯಾಡ."